ಬೆಂಚಿನ ಮೇಲೆ ಕೂತ ಮೂರು ವರ್ಷ

2005ರ ಏಪ್ರಿಲ್ ತಿಂಗಳ ಒಂದು ಶನಿವಾರ. ನ್ಯೂಯಾರ್ಕಿನ ಜಾವಿಟ್ಸ್ ಸಭಾಭವನದಲ್ಲಿ ಇಬ್ಬರು ತರುಣರು ತಮ್ಮ ಹೆಸರು ಕೂಗುವುದನ್ನೇ ಕಾಯುತ್ತ ಕೂತಿದ್ದರು. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಆಟಗಾರರನ್ನು ಸರದಿಯ ಪ್ರಕಾರ ಆರಿಸಿಕೊಳ್ಳುವ ದಿನ ಅದು. ಅದನ್ನು ಡ್ರಾಫ್ಟ್ ಎನ್ನುತ್ತಾರೆ. ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಆಯ್ಕೆಯ ಹಕ್ಕು. ಆ ವರ್ಷ ಆ ಹಕ್ಕು ಸ್ಯಾನ್ ಫ್ರಾನ್ಸಿಸ್ಕೊದ ಫಾರ್ಟಿನೈನರ್ಸ್ ತಂಡಕ್ಕೆ ಬಂದಿತ್ತು.

ಅವರು ಯೂಟಾ ವಿಶ್ವವಿದ್ಯಾಲಯದ ಅಲೆಕ್ಸ್ ಸ್ಮಿತ್ ಅವರನ್ನು ಆರಿಸಿದರು. ಇನ್ನೊಬ್ಬ ತರುಣ ಆರನ್ ರೋಜರ್ಸ್, ಉತ್ತರ ಕ್ಯಾಲಿಫೋರ್ನಿಯದವರು, ಚಿಕ್ಕಂದಿನಿಂದ ಅದೇ ತಂಡದ ಅಭಿಮಾನಿ. ತಂಡಗಳು ಒಂದೊಂದಾಗಿ ಬೇರೆಯವರ ಹೆಸರು ಹೇಳುತ್ತ ಹೋದವು. ಟಿವಿ ಕ್ಯಾಮರಾಗಳ ಎದುರು ಅವರು ಗಂಟೆಗಟ್ಟಲೆ ಕಾದರು. ಕೊನೆಗೆ 24ನೆಯವರಾಗಿ ಅವರನ್ನು ಕರೆದದ್ದು ಗ್ರೀನ್ ಬೇ ಪ್ಯಾಕರ್ಸ್. ಅಲ್ಲಿ ಅದೇ ಸ್ಥಾನದಲ್ಲಿ ಬ್ರೆಟ್ ಫಾರ್ವ್ ಎಂಬ ದಿಗ್ಗಜ ಇದ್ದರು. ಅವರು ಬಿಟ್ಟುಕೊಡುವ ತನಕ ಈ ಹುಡುಗನಿಗೆ ಬೆಂಚೇ ಗತಿ.

ಸ್ಮಿತ್ ಮೊದಲ ವರ್ಷವೇ ಕಣಕ್ಕಿಳಿದರು. ರೋಜರ್ಸ್ ಮೂರು ವರ್ಷ ಕೂತು ನೋಡಿದರು. 2011ರ ಫೆಬ್ರವರಿಯಲ್ಲಿ ರೋಜರ್ಸ್ ಸೂಪರ್ ಬೌಲ್ ಗೆದ್ದು ಆ ಪಂದ್ಯದ ಶ್ರೇಷ್ಠ ಆಟಗಾರ ಎನಿಸಿಕೊಂಡರು. ಆ ಹೊತ್ತಿಗೆ ಸ್ಮಿತ್ ಸ್ವಂತ ಊರಿನ ಪ್ರೇಕ್ಷಕರಿಂದಲೇ ಛೀ ಥೂ ಅನ್ನಿಸಿಕೊಂಡಿದ್ದರು. ಹಾಗಾದರೆ ಆಯ್ಕೆ ಮಾಡಿದವರ ಕಣ್ಣು ತಪ್ಪಿತೇ, ಅಥವಾ ಆಯ್ದ ಮೇಲೆ ಬೆಳೆಸಿದ ಬಗೆ ತಪ್ಪಿತೇ? ಈ ಪ್ರಶ್ನೆಯ ಹಿಂದೆ ಸುಮಾರು ಎಂಬತ್ತು ವರ್ಷಗಳ ಇತಿಹಾಸವಿದೆ.

ಮೊದಲು ಆಟದ ಬಗ್ಗೆ ಎರಡು ಮಾತು. ಇದು ನಮ್ಮ ಕಾಲ್ಚೆಂಡಾಟವಲ್ಲ. ಹನ್ನೊಂದು ಜನರ ತಂಡ, ಕೈಯಲ್ಲಿ ಹಿಡಿದು ಓಡುವ, ಎಸೆಯುವ ಮೊಟ್ಟೆಯಾಕಾರದ ಚೆಂಡು. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಯದು. ಹೆಚ್ಚು ಕಡಿಮೆ ಪ್ರತಿ ಯತ್ನದಲ್ಲೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಆತ ಎದುರಾಳಿಗಳು ನಿಂತ ರೀತಿ ನೋಡಿ ಅವರ ಉಪಾಯವನ್ನು ಊಹಿಸಬೇಕು, ಬೇಕಾದರೆ ನಿಂತ ಜಾಗದಲ್ಲೇ ತಂಡದ ಯೋಜನೆ ಬದಲಿಸಬೇಕು. ಚೆಂಡು ಕೈಗೆ ಬಂದ ಮೇಲೆ ಉಳಿಯುವುದು ಸುಮಾರು ಮೂರು ಸೆಕೆಂಡು. ಅಷ್ಟರಲ್ಲಿ ಮೊದಲನೆಯ ಜೊತೆಗಾರ, ಎರಡನೆಯವ, ಮೂರನೆಯವ ಎಂದು ಕಣ್ಣು ಹಾಯಿಸಿ, ಯಾರು ಬಿಡುವಾಗಿದ್ದಾನೋ ಅವನಿಗೆ ಎಸೆಯಬೇಕು. ಆ ಮೂರು ಸೆಕೆಂಡು ಮುಗಿಯುವುದರೊಳಗೆ ನೂರಿಪ್ಪತ್ತು ಕಿಲೋ ತೂಕದವರು ಮೈಮೇಲೆ ಬಂದು ಬೀಳುತ್ತಾರೆ.

ಈ ಕೆಲಸ ಮೊದಲಿನಿಂದ ಹೀಗಿರಲಿಲ್ಲ. ಚೆಂಡನ್ನು ಮುಂದಕ್ಕೆ ಎಸೆಯಲು ನಿಯಮ ಒಪ್ಪಿದ್ದೇ 1906ರಲ್ಲಿ. ಇಂದಿನ ಅರ್ಥದ ಕ್ವಾರ್ಟರ್‌ಬ್ಯಾಕ್ ಹುಟ್ಟಿದ್ದು 1940ರ ಆಸುಪಾಸಿನಲ್ಲಿ, ಷಿಕಾಗೊ ಬೇರ್ಸ್ ತಂಡದಲ್ಲಿ. ಅದರ ಒಡೆಯ ಮತ್ತು ಕೋಚ್ ಜಾರ್ಜ್ ಹ್ಯಾಲಸ್ 1939ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಸಿಡ್ ಲಕ್‌ಮನ್ ಅವರನ್ನು ಕರೆತಂದರು. ಕಾಲೇಜಿನಲ್ಲಿ ಲಕ್‌ಮನ್ ಚೆಂಡನ್ನು ಹಲವು ಗಜ ಹಿಂದೆ ನಿಂತು ಪಡೆಯುತ್ತಿದ್ದವರು. ಬೇರ್ಸ್ ಪದ್ಧತಿಯಲ್ಲಿ ಮುಂದಿನ ಆಟಗಾರನ ಬೆನ್ನಿಗೇ ನಿಂತು, ಚೆಂಡು ಪಡೆದ ಕೂಡಲೇ ತಿರುಗಿ, ಕೊಟ್ಟಂತೆ ನಟಿಸಿ ಎಸೆಯಬೇಕಿತ್ತು. ಕಾಲಿನ ನಡೆಯನ್ನೇ ಹೊಸದಾಗಿ ಕಲಿಯಬೇಕಾಯಿತು. ಕ್ಲಾರ್ಕ್ ಷಾನೆಸ್ಸಿ ಎಂಬ ಕೋಚ್ ಅವರಿಗೆ ಆ ಪದ್ಧತಿಯನ್ನು ತಿದ್ದಿ ತೀಡಿ ಕಲಿಸಿದರು. 1940ರ ಡಿಸೆಂಬರ್‌ನ ಪ್ರಶಸ್ತಿ ಪಂದ್ಯದಲ್ಲಿ ಬೇರ್ಸ್ ವಾಷಿಂಗ್ಟನ್ ತಂಡವನ್ನು 73-0ರಿಂದ ಸೋಲಿಸಿತು. ಕ್ವಾರ್ಟರ್‌ಬ್ಯಾಕ್‌ನನ್ನು ಕಲಿಸಿ ತಯಾರು ಮಾಡಬಹುದು ಎಂದು ಇತರ ತಂಡಗಳಿಗೂ ಆ ದಿನ ಗೊತ್ತಾಯಿತು.

ಆ ಕಲಿಕೆಗೆ ಶಾಲೆಯ ರೂಪ ಕೊಟ್ಟವರು ಪಾಲ್ ಬ್ರೌನ್. 1946ರಲ್ಲಿ ಆಡತೊಡಗಿದ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದಲ್ಲಿ ಅವರು ಆಟಗಾರರನ್ನು ತರಗತಿಯಲ್ಲಿ ಕೂರಿಸಿ ಟಿಪ್ಪಣಿ ಬರೆಸಿದರು, ಪರೀಕ್ಷೆ ಇಟ್ಟರು, ಪಂದ್ಯದ ಫಿಲ್ಮ್ ಓಡಿಸಿ ತಪ್ಪುಗಳನ್ನು ತೋರಿಸಿದರು. ಪ್ರತಿ ಯತ್ನಕ್ಕೂ ಯಾವ ಯೋಜನೆ ಎಂಬುದನ್ನು ತಾವೇ ನಿರ್ಧರಿಸಿ ಒಬ್ಬ ಆಟಗಾರನ ಮೂಲಕ ಹೇಳಿ ಕಳಿಸುತ್ತಿದ್ದರು. ಕ್ವಾರ್ಟರ್‌ಬ್ಯಾಕ್ ತಲೆಯ ಮೇಲಿನ ಹೊರೆ ಅರ್ಧ ಇಳಿಯಿತು. ಅವರ ಕ್ವಾರ್ಟರ್‌ಬ್ಯಾಕ್ ಆಟೊ ಗ್ರಹಾಂ ಆಡಿದ ಹತ್ತು ವರ್ಷವೂ ತಂಡ ಪ್ರಶಸ್ತಿ ಪಂದ್ಯಕ್ಕೆ ಹೋಯಿತು, ಏಳು ಬಾರಿ ಗೆದ್ದಿತು.

ಬ್ರೌನ್ ಮುಂದೆ ಸಿನ್ಸಿನಾಟಿಯಲ್ಲಿ ಹೊಸ ತಂಡ ಕಟ್ಟಿದಾಗ ಅವರ ಕೈಕೆಳಗೆ ಪಳಗಿದವರು ಬಿಲ್ ವಾಲ್ಶ್. ವಾಲ್ಶ್ 1979ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡದ ಮುಖ್ಯ ಕೋಚ್ ಆದರು. ಆ ವರ್ಷದ ಡ್ರಾಫ್ಟ್‌ನಲ್ಲಿ 82ನೆಯವರಾಗಿ ಅವರು ಆರಿಸಿದ್ದು ಜೋ ಮೊಂಟಾನಾ ಅವರನ್ನು. ತಂಡ ಆ ವರ್ಷ 16 ಪಂದ್ಯಗಳಲ್ಲಿ ಗೆದ್ದದ್ದು ಎರಡೇ. ಸೋಲುತ್ತಲೇ ಇರುವ ತಂಡದಲ್ಲಿ ಹೊಸ ಹುಡುಗನನ್ನು ನೂಕುವುದು ಸುಲಭದ ದಾರಿ. ವಾಲ್ಶ್ ಹಾಗೆ ಮಾಡಲಿಲ್ಲ. ಮೊದಲ ವರ್ಷ ಮೊಂಟಾನಾ ಎಸೆದದ್ದು ಬರೀ 23 ಪಾಸ್. ಚೆಂಡು ಎದುರಾಳಿಯ ಗೆರೆಯ ಹತ್ತಿರ ಬಂದಾಗ, ಗೆಲ್ಲುವ ಸಾಧ್ಯತೆ ಹೆಚ್ಚಿದ್ದಾಗ, ಅವರನ್ನು ಒಳಗೆ ಕಳಿಸಿ ಮತ್ತೆ ಹೊರಗೆ ಕರೆಸಿಕೊಳ್ಳುತ್ತಿದ್ದರು. ಈಜು ಕಲಿಸುವಾಗ ಮೊದಲು ಮೊಣಕಾಲುದ್ದ ನೀರಿಗೆ ಇಳಿಸಿದ ಹಾಗೆ. ಎರಡನೆಯ ವರ್ಷದ ಕೊನೆಗೆ ಸ್ಥಾನ ಅವರದಾಯಿತು. ಮೂರನೆಯ ವರ್ಷ ತಂಡ ಸೂಪರ್ ಬೌಲ್ ಗೆದ್ದಿತು.

ಇದನ್ನೆಲ್ಲ ನೋಡಿ ‘ಹುಡುಗರನ್ನು ಕಾಯಿಸಬೇಕು’ ಎಂದು ಸೂತ್ರ ಬರೆದುಬಿಡಬಹುದು. ಆದರೆ ಇತಿಹಾಸ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. 1989ರಲ್ಲಿ ಡಲ್ಲಾಸ್ ತಂಡ ಮೊದಲ ಆಯ್ಕೆಯಾಗಿ ತಂದ ಟ್ರಾಯ್ ಏಕ್‌ಮನ್ ಅವರನ್ನು ನೇರ ಕಣಕ್ಕಿಳಿಸಿತು. ಆ ವರ್ಷ ಅವರು ಆರಂಭಿಸಿದ 11 ಪಂದ್ಯಗಳಲ್ಲಿ 11ನ್ನೂ ತಂಡ ಸೋತಿತು. ಮುಂದೆ ಅವರೇ ನಾಲ್ಕು ವರ್ಷದೊಳಗೆ ಮೂರು ಸೂಪರ್ ಬೌಲ್ ಗೆದ್ದರು. 1998ರಲ್ಲಿ ಇಂಡಿಯಾನಾಪೊಲಿಸ್‌ನ ಪೇಟನ್ ಮ್ಯಾನಿಂಗ್ ಮೊದಲ ವರ್ಷದ ಎಲ್ಲ 16 ಪಂದ್ಯ ಆಡಿದರು. ಎದುರಾಳಿಗಳ ಕೈಗೆ 28 ಬಾರಿ ಚೆಂಡು ಎಸೆದುಕೊಟ್ಟರು. ಹೊಸಬರ ಪೈಕಿ ಅದು ದಾಖಲೆ. ತಂಡಕ್ಕೆ 3 ಗೆಲುವು, 13 ಸೋಲು. ಮರುವರ್ಷ ಆ ಲೆಕ್ಕ ತಿರುಗಿ 13 ಗೆಲುವು, 3 ಸೋಲು ಆಯಿತು.

‘ನೋಡಿ ತಿಳಿ, ಮಾಡಿ ಕಲಿ’ ಎಂಬ ಮಾತು ನಮ್ಮಲ್ಲಿದೆ. ಕ್ವಾರ್ಟರ್‌ಬ್ಯಾಕ್ ತಯಾರಿಸುವವರ ಜಗಳವೆಲ್ಲ ಈ ಎರಡರಲ್ಲಿ ಯಾವುದು ಮೊದಲು ಎಂಬುದರ ಮೇಲೆ ನಡೆದಿದೆ. ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಬೇರೆ ಒಂದು ಸಂಗತಿ ಕಾಣುತ್ತದೆ. ಮ್ಯಾನಿಂಗ್ ಮೊದಲ ವರ್ಷ ಎಷ್ಟೇ ಎಡವಿದರೂ ಅವರಿಗೆ ಆಕ್ರಮಣದ ಪಾಠ ಹೇಳುತ್ತಿದ್ದ ಟಾಮ್ ಮೂರ್ ಎಂಬ ಕೋಚ್ ಬದಲಾಗಲಿಲ್ಲ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದೇ ಗುರು, ಅದೇ ಪರಿಭಾಷೆ. ಚೆಂಡು ಹಿಡಿಯಲು ಮಾರ್ವಿನ್ ಹ್ಯಾರಿಸನ್‌ರಂಥ ಆಟಗಾರ ಆಗಲೇ ತಂಡದಲ್ಲಿದ್ದರು. ಎಡವಿದವನು ಮಾರನೆಯ ದಿನ ಅದೇ ಮೆಟ್ಟಿಲಿಗೆ ಮರಳಬಹುದಿತ್ತು.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಲೆಕ್ಸ್ ಸ್ಮಿತ್‌ಗೆ ಆ ಭಾಗ್ಯ ಇರಲಿಲ್ಲ. ಮೊದಲ ವರ್ಷ ಅವರು ಎಸೆದ ಟಚ್‌ಡೌನ್ ಒಂದು, ಎದುರಾಳಿಗೆ ಒಪ್ಪಿಸಿದ ಚೆಂಡು 11. ಆಗ ಆಕ್ರಮಣ ವಿಭಾಗದ ಕೋಚ್ ಮೈಕ್ ಮೆಕಾರ್ತಿ. ಒಂದೇ ವರ್ಷಕ್ಕೆ ಅವರು ಹೋದರು. ಅವರ ಜಾಗಕ್ಕೆ ಬಂದವರೂ ಒಂದೇ ವರ್ಷಕ್ಕೆ ಹೋದರು. ಹೀಗೆ ಮೊದಲ ಐದು ವರ್ಷದಲ್ಲಿ ಐವರು. ಒಬ್ಬೊಬ್ಬರದು ಒಂದೊಂದು ಪದ್ಧತಿ, ಒಂದೊಂದು ಸಂಕೇತ ಭಾಷೆ. ವರ್ಷಕ್ಕೊಮ್ಮೆ ಮಾಧ್ಯಮ ಬದಲಿಸುವ ಶಾಲೆಯಲ್ಲಿ ಓದಿದ ಮಗುವಿನ ಪಾಡು ಅದು. ಮಧ್ಯೆ ಭುಜಕ್ಕೆ ಪೆಟ್ಟು, ಶಸ್ತ್ರಚಿಕಿತ್ಸೆ ಬೇರೆ.

ಮೆಕಾರ್ತಿ ಎಲ್ಲಿಗೆ ಹೋದರು? 2006ರಲ್ಲಿ ಗ್ರೀನ್ ಬೇ ತಂಡದ ಮುಖ್ಯ ಕೋಚ್ ಆಗಿ, ರೋಜರ್ಸ್ ಕೂತಿದ್ದ ಬೆಂಚಿನ ಬಳಿಗೆ. ಪಂದ್ಯಗಳಿಲ್ಲದ ತಿಂಗಳುಗಳಲ್ಲಿ ಅವರು ಕ್ವಾರ್ಟರ್‌ಬ್ಯಾಕ್‌ಗಳಿಗೆಂದೇ ಪ್ರತ್ಯೇಕ ತರಬೇತಿ ನಡೆಸುತ್ತಿದ್ದರು. ಕಾಲೇಜಿನಲ್ಲಿ ಚೆಂಡನ್ನು ಕಿವಿಯ ಮಟ್ಟಕ್ಕೆ ಎತ್ತಿ ಹಿಡಿಯುತ್ತಿದ್ದ ರೋಜರ್ಸ್‌ರ ಕೈ ಅಲ್ಲಿ ಕೆಳಗಿಳಿಯಿತು, ಕಾಲಿನ ನಡೆ ತಿದ್ದಿತು. ಮೂರು ವರ್ಷದಲ್ಲಿ ಪಂದ್ಯಗಳಲ್ಲಿ ಅವರು ಎಸೆದದ್ದು ಅರವತ್ತಕ್ಕಿಂತ ಕಡಿಮೆ ಪಾಸ್. 2008ರಲ್ಲಿ ಸ್ಥಾನ ಸಿಕ್ಕಾಗಲೂ ಮೊದಲ ವರ್ಷ 6 ಗೆಲುವು, 10 ಸೋಲು. ಕಾದವನೂ ಮೊದಲು ಸೋತೇ ಕಲಿತ. ಆ ಸೋಲಿನ ಮೇಲೂ ಯಾರೂ ಅವರನ್ನು ಬದಲಿಸಲಿಲ್ಲ.

ಕಟ್ಟದ ಮನೆಗೆ ತಂದು ಕೂರಿಸಿದರೆ ಏನಾಗುತ್ತದೆ ಎಂಬುದಕ್ಕೆ 2002ರ ಹ್ಯೂಸ್ಟನ್ ಟೆಕ್ಸನ್ಸ್ ತಂಡವನ್ನು ನೋಡಬೇಕು. ಆಗಷ್ಟೇ ಹುಟ್ಟಿದ ತಂಡ. ಮೊದಲ ಆಯ್ಕೆ ಡೇವಿಡ್ ಕಾರ್ ಎಂಬ ಕ್ವಾರ್ಟರ್‌ಬ್ಯಾಕ್. ಅವರನ್ನು ಕಾಯಬೇಕಾದ ಮುಂದಿನ ಸಾಲು ಗಟ್ಟಿಯಿರಲಿಲ್ಲ. ಆ ಒಂದೇ ವರ್ಷದಲ್ಲಿ ಎದುರಾಳಿಗಳು ಅವರನ್ನು ಚೆಂಡಿನ ಸಮೇತ 76 ಬಾರಿ ನೆಲಕ್ಕೆ ಕೆಡವಿದರು. ಆ ದಾಖಲೆ ಇನ್ನೂ ಮುರಿದಿಲ್ಲ. ಹಾಗೆ ಬಿದ್ದವನ ಕಣ್ಣು ಜೊತೆಗಾರರನ್ನು ಹುಡುಕುವುದನ್ನು ಬಿಟ್ಟು ಬೀಳಿಸಲು ಬರುವವರನ್ನೇ ನೋಡತೊಡಗುತ್ತದೆ. ಒಮ್ಮೆ ಮೈಗೆ ಹತ್ತಿದ ಆ ಅಂಜಿಕೆಯನ್ನು ಯಾವ ತರಗತಿಯೂ ಸುಲಭಕ್ಕೆ ಬಿಡಿಸಲಾರದು.

ಇಷ್ಟಾದರೂ ಇವರೆಲ್ಲ ಅವಕಾಶ ಸಿಕ್ಕವರು. ಬೆಂಚಿನ ಮೇಲೂ ಜಾಗ ಸಿಗದವರ ಸಾಲು ಬೇರೆಯೇ ಇದೆ. 1968ರಲ್ಲಿ ಡೆನ್ವರ್ ತಂಡದ ಮಾರ್ಲಿನ್ ಬ್ರಿಸ್ಕೊ ಆಧುನಿಕ ಕಾಲದ ಮೊದಲ ಕರಿಯ ಕ್ವಾರ್ಟರ್‌ಬ್ಯಾಕ್ ಆಗಿ ಪಂದ್ಯ ಆರಂಭಿಸಿದರು, ಆ ವರ್ಷ 14 ಟಚ್‌ಡೌನ್ ಎಸೆದರು. ಮರುವರ್ಷ ಆ ಸ್ಥಾನಕ್ಕೆ ಸ್ಪರ್ಧಿಸಲೂ ಅವರಿಗೆ ಅವಕಾಶ ಕೊಡಲಿಲ್ಲ. ಬೇರೆ ತಂಡಕ್ಕೆ ಹೋಗಿ ಚೆಂಡು ಹಿಡಿಯುವವರಾಗಿ ಆಡಿದರು. ಈ ಸ್ಥಾನಕ್ಕೆ ಬೇಕಾದ ಬುದ್ಧಿ ಕರಿಯರಿಗಿಲ್ಲ ಎಂಬ ನಂಬಿಕೆ ದಶಕಗಳ ಕಾಲ ತಂಡಗಳ ಕಚೇರಿಗಳಲ್ಲಿ ಬೇರುಬಿಟ್ಟಿತ್ತು. ಕಾಲೇಜಿನ ಕರಿಯ ಕ್ವಾರ್ಟರ್‌ಬ್ಯಾಕ್‌ಗಳನ್ನು ಬೇರೆ ಸ್ಥಾನಗಳಿಗೆ ಕಳಿಸುವುದೇ ವಾಡಿಕೆ.

1978ರಲ್ಲಿ ವಾರೆನ್ ಮೂನ್ ಅದಕ್ಕೆ ಒಪ್ಪಲಿಲ್ಲ. ತಮ್ಮ ಕಾಲೇಜಿಗೆ ರೋಸ್ ಬೌಲ್ ಗೆದ್ದುಕೊಟ್ಟಿದ್ದರೂ ಎನ್‌ಎಫ್‌ಎಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿ ಕರೆಯುವ ಲಕ್ಷಣ ಕಾಣದೆ ಕೆನಡಾದ ಎಡ್ಮಂಟನ್‌ಗೆ ಹೋದರು. ಅಲ್ಲಿ ಟಾಮ್ ವಿಲ್ಕಿನ್ಸನ್ ಎಂಬ ಹಿರಿಯ ಆಟಗಾರನ ಜೊತೆ ಸ್ಥಾನ ಹಂಚಿಕೊಂಡು, ನೋಡುತ್ತ, ಆಡುತ್ತ ಬೆಳೆದರು. ಎಡ್ಮಂಟನ್ ಸತತ ಐದು ವರ್ಷ ಗ್ರೇ ಕಪ್ ಗೆದ್ದಿತು. ಆಮೇಲೆ, 1984ರಲ್ಲಿ, ಅಮೆರಿಕದ ತಂಡಗಳು ಅವರಿಗಾಗಿ ಪೈಪೋಟಿಗೆ ಬಿದ್ದವು. ಸ್ವಂತ ದೇಶ ಕೊಡದ ಆರು ವರ್ಷಗಳ ಸಾವಧಾನವನ್ನು ನೆರೆದೇಶ ಕೊಟ್ಟಿತ್ತು. ಅಂಥ ಎಡ್ಮಂಟನ್ ಸಿಗದೆ ಹೋದವರ ಹೆಸರು ದಾಖಲೆಯಲ್ಲಿ ಇರುವುದಿಲ್ಲ.

ಈಚೆಗೆ ಈ ಸಾವಧಾನ ಎಲ್ಲರಿಗೂ ದುಬಾರಿಯಾಗಿದೆ. 2010ರ ಮೊದಲ ಆಯ್ಕೆ ಸ್ಯಾಮ್ ಬ್ರಾಡ್‌ಫರ್ಡ್ ಆರು ವರ್ಷಕ್ಕೆ 7.8 ಕೋಟಿ ಡಾಲರಿನ ಕರಾರು ಪಡೆದಿದ್ದರು. 2011ರಲ್ಲಿ ಆಟಗಾರರ ಸಂಘ ಮತ್ತು ಒಡೆಯರ ನಡುವಿನ ಒಪ್ಪಂದ ಹೊಸಬರ ಸಂಬಳಕ್ಕೆ ಮಿತಿ ಹಾಕಿತು. ಆ ವರ್ಷದ ಮೊದಲ ಆಯ್ಕೆ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸಿಕ್ಕಿದ್ದು ಸುಮಾರು 2.2 ಕೋಟಿ. ಹೊಸ ಕ್ವಾರ್ಟರ್‌ಬ್ಯಾಕ್ ಅಗ್ಗವಾದರೆ ಉಳಿದ ಹಣದಲ್ಲಿ ಬಲವಾದ ತಂಡ ಕಟ್ಟಬಹುದು. ಆದರೆ ಆ ಅಗ್ಗದ ಅವಧಿ ನಾಲ್ಕೈದು ವರ್ಷ ಮಾತ್ರ. ಹುಡುಗನನ್ನು ಮೂರು ವರ್ಷ ಕೂರಿಸಿದರೆ ಲಾಭ ಕೂತಲ್ಲೇ ಕರಗುತ್ತದೆ. ಅದೇ ಒಪ್ಪಂದ ಗಾಯಗಳಿಗೆ ಹೆದರಿ ಅಭ್ಯಾಸದ ಹೊತ್ತನ್ನೂ ಕಡಿಮೆ ಮಾಡಿತು. ಇರುವ ಅಭ್ಯಾಸದಲ್ಲಿ ಹೆಚ್ಚಿನ ಪಾಲು ಆಡುವವನಿಗೆ ಹೋಗುತ್ತದೆ. ಕೂತವನು ಮುಂದಿನ ಎದುರಾಳಿಯ ಆಟವನ್ನು ನಟಿಸಿ ತೋರಿಸುತ್ತಾನೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತೇವೆ. ಇಲ್ಲಿ ಆತುರವೇ ಲೆಕ್ಕಪತ್ರದಲ್ಲಿ ಬುದ್ಧಿವಂತಿಕೆಯಾಗಿ ಕಾಣುತ್ತದೆ.

ಇನ್ನು ಅಲೆಕ್ಸ್ ಸ್ಮಿತ್ ಕಥೆಯ ಉಳಿದರ್ಧ. 2011ರಲ್ಲಿ ಜಿಮ್ ಹಾರ್ಬೊ ಕೋಚ್ ಆಗಿ ಬಂದು ಅವರ ಮೇಲೆ ನಂಬಿಕೆ ಇಟ್ಟರು. ಅದೇ ಸ್ಮಿತ್, ಅದೇ ಊರು. ಆ ವರ್ಷ 13 ಗೆಲುವು, 3 ಸೋಲು. 2013ರಲ್ಲಿ ಕನ್ಸಾಸ್ ಸಿಟಿಗೆ ಹೋದ ಮೇಲೆ ಆಂಡಿ ರೀಡ್ ಎಂಬ ಕೋಚ್ ಕೈಕೆಳಗೆ ಅವರಿಗೆ ನೆಲೆ ಸಿಕ್ಕಿತು. 2017ರಲ್ಲಿ ಆ ತಂಡ ಹತ್ತನೆಯ ಆಯ್ಕೆಯಾಗಿ ಪ್ಯಾಟ್ರಿಕ್ ಮಹೋಮ್ಸ್ ಎಂಬ ಹುಡುಗನನ್ನು ತಂದಿತು. ತನ್ನ ಕುರ್ಚಿಗೆ ಬರಲಿರುವವನು ಇವನೇ ಎಂದು ಸ್ಮಿತ್‌ಗೆ ಗೊತ್ತಿತ್ತು. ಅವರು ಬಾಗಿಲು ಹಾಕಿಕೊಳ್ಳಲಿಲ್ಲ. ವಾರದ ತಯಾರಿ ಹೇಗೆ, ಫಿಲ್ಮ್ ನೋಡುವುದು ಹೇಗೆ ಎಂಬುದನ್ನು ಹುಡುಗ ಅವರ ಪಕ್ಕದಲ್ಲೇ ಕೂತು ಕಲಿತ. ಮುಂದೆ ಎಷ್ಟೋ ಬಾರಿ ಅದನ್ನು ಬಹಿರಂಗವಾಗಿ ನೆನೆದ. ಆ ವರ್ಷ ಸ್ಮಿತ್ ಸ್ವತಃ ತಮ್ಮ ಬಾಳಿನ ಅತ್ಯುತ್ತಮ ಆಟ ಆಡಿದರು.

ಅದೇ ಡಿಸೆಂಬರ್ 31ರಂದು, ಮುಂದಿನ ಸುತ್ತು ಖಚಿತವಾಗಿದ್ದರಿಂದ, ಸ್ಮಿತ್‌ಗೆ ವಿಶ್ರಾಂತಿ ಕೊಟ್ಟು ಡೆನ್ವರ್‌ನಲ್ಲಿ ಮಹೋಮ್ಸ್‌ರನ್ನು ಆಡಿಸಿದರು. ತಂಡ ಮುಂದಿದ್ದಾಗ ಅವರನ್ನು ಹೊರಗೆ ಕರೆಸಿಕೊಂಡರು. ಎದುರಾಳಿ ಸಮ ಮಾಡಿಕೊಂಡಾಗ ಮತ್ತೆ ಕಳಿಸಿದರು. ಅವರು ಚೆಂಡನ್ನು ಮುಂದೆ ಒಯ್ದು ತಂಡವನ್ನು 27-24ರಿಂದ ಗೆಲ್ಲಿಸಿದರು. ಮರುವರ್ಷ 50 ಟಚ್‌ಡೌನ್ ಎಸೆದರು. 2023ರ ಫೆಬ್ರವರಿಯಲ್ಲಿ ಮಹೋಮ್ಸ್ ಮತ್ತು ಫಿಲಡೆಲ್ಫಿಯದ ಜೇಲನ್ ಹರ್ಟ್ಸ್ ಎದುರುಬದುರಾದಾಗ, ಸೂಪರ್ ಬೌಲ್‌ನಲ್ಲಿ ಮೊದಲ ಬಾರಿಗೆ ಎರಡೂ ಕಡೆ ಕರಿಯ ಕ್ವಾರ್ಟರ್‌ಬ್ಯಾಕ್‌ಗಳು ನಿಂತಿದ್ದರು.

ತನಗೆ ಯಾರೂ ಕೊಡದ ಒಂದು ನೆಮ್ಮದಿಯ ವರ್ಷವನ್ನು ಅಲೆಕ್ಸ್ ಸ್ಮಿತ್ ಇನ್ನೊಬ್ಬನಿಗೆ ಕೊಟ್ಟಿದ್ದರು. ಗೆಲುವಿನ ಪಟ್ಟಿಯಲ್ಲಿ ಅದಕ್ಕೆ ಅಂಕಣವಿಲ್ಲ.