ಹಾಫ್‌ಕಿನ್ ಚೆಲ್ಲದ ಸಾರು

ಇಲಿ ಬಿದ್ದರೆ ಊರು ಬಿಡಬೇಕು ಎಂದು ಧಾರವಾಡ ಸೀಮೆಯ ನಮ್ಮ ಮನೆಯಲ್ಲಿ ಅಜ್ಜಿ ಹೇಳುತ್ತಿದ್ದಳು. ಪ್ಲೇಗಿನ ವರ್ಷಗಳಲ್ಲಿ ಜನ ಮನೆಗೆ ಬೀಗ ಜಡಿದು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರಂತೆ. ಈಗ ನಾನಿರುವುದು ರಾಂಜಣಗಾಂವದಲ್ಲಿ. ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಲ್ಯಾಬಿನಲ್ಲಿ ಸೂಕ್ಷ್ಮಾಣು ಪರೀಕ್ಷೆಯ ಕೆಲಸ. ಮಹಾಗಣಪತಿ ಗುಡಿಯ ಬಳಿಯ ಹೆದ್ದಾರಿ ಹಿಡಿದರೆ ಪುಣೆ ಸುಮಾರು 50 ಕಿಲೋಮೀಟರ್. 1897ರಲ್ಲಿ ಅಲ್ಲಿ ಸೈನಿಕರು ಮನೆಮನೆಗೆ ನುಗ್ಗಿ ರೋಗಿಗಳನ್ನು ಹುಡುಕಿದ್ದು, ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಜೂನ್ 22ರಂದು ಚಾಪೇಕರ್ ಸೋದರರು ಗುಂಡು ಹಾರಿಸಿದ್ದು ಎಲ್ಲರಿಗೂ ಗೊತ್ತು. ಅದೇ ವರ್ಷ ಮುಂಬಯಿಯ ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ನಡೆದದ್ದನ್ನು ನೆನೆಯುವವರು ಕಡಿಮೆ.

ಬ್ಯಾಕ್ಟೀರಿಯಾ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್ ಅಲ್ಲಿ ಸಾರಿನ ಮೇಲೆ ತುಪ್ಪದ ಹನಿ ತೇಲಿಬಿಟ್ಟು ಪ್ಲೇಗಿನ ಬ್ಯಾಕ್ಟೀರಿಯಾ ಬೆಳೆಸಿದ. ತುಪ್ಪಕ್ಕೆ ಅಂಟಿಕೊಂಡ ಅವು ಬಿಳಲುಗಳಂತೆ ಕೆಳಗಿಳಿಯುತ್ತಿದ್ದವು. ವಾರಗಟ್ಟಲೆ ಬೆಳೆಸಿ, ಆಮೇಲೆ ಕಾಯಿಸಿ ಕೊಲ್ಲುತ್ತಿದ್ದ. ಆದರೆ ಸಾರನ್ನು ಚೆಲ್ಲುತ್ತಿರಲಿಲ್ಲ. ಬ್ಯಾಕ್ಟೀರಿಯಾದ ಮೈಯಷ್ಟೇ ಸಾಲದು, ಅದು ಹೊರಗೆ ಬಿಟ್ಟದ್ದೂ ಲಸಿಕೆಯಲ್ಲಿರಬೇಕು ಎಂಬುದು ಅವನ ಎಣಿಕೆ. ಜನವರಿ 10ರಂದು ಆ ಲಸಿಕೆಯನ್ನು ಮೊದಲು ತನಗೇ ಚುಚ್ಚಿಕೊಂಡ. ಮರುವರ್ಷ ಹುಬ್ಬಳ್ಳಿಯಲ್ಲಿ ಪ್ಲೇಗು ಎದ್ದಾಗ ಅದನ್ನೇ ಊರ ಜನಕ್ಕೆ ದೊಡ್ಡ ಪ್ರಮಾಣದಲ್ಲಿ ಹಾಕಿದರು. ನಮ್ಮ ಕಡೆಯ ಎಷ್ಟೋ ಮನೆತನಗಳು ಉಳಿದದ್ದರಲ್ಲಿ ಆ ಸಾರಿನ ಪಾಲೂ ಇದೆ ಎಂದು ನಾನು ನಂಬುತ್ತೇನೆ.

ಬ್ಯಾಕ್ಟೀರಿಯಾ ಹೊರಗೆ ಬಿಡುವುದು ಏನನ್ನು, ಹೇಗೆ? ಪ್ಲೇಗಿನ ಬ್ಯಾಕ್ಟೀರಿಯಾಕ್ಕೆ ಎರಡು ಪೊರೆಗಳು. ಒಳಗೆ ತಯಾರಾದ ಪ್ರೋಟೀನು ಎರಡನ್ನೂ ದಾಟಬೇಕು, ಮೇಲೆ ನಮ್ಮ ಜೀವಕೋಶದ ಪೊರೆಯನ್ನೂ ದಾಟಬೇಕು. 1994ರಲ್ಲಿ ಸೂರತ್ತಿನಲ್ಲಿ ಪ್ಲೇಗಿನ ಭಯಕ್ಕೆ ಜನ ರೈಲು ತುಂಬಿ ಓಡುತ್ತಿದ್ದರು. ಅದೇ ವರ್ಷ ಸ್ವೀಡನ್ನಿನ ಹಾನ್ಸ್ ವುಲ್ಫ್-ವಾಟ್ಸ್ ತಂಡ ಮತ್ತು ಬೆಲ್ಜಿಯಂನ ಗೀ ಕಾರ್ನೆಲಿಸ್ ತಂಡ ಪ್ಲೇಗಿನ ದಾಯಾದಿ ಬ್ಯಾಕ್ಟೀರಿಯಾಗಳಲ್ಲಿ ಇದಕ್ಕೆ ಉತ್ತರ ತೋರಿಸಿದವು. ಜೀವಕೋಶವನ್ನು ಮುಟ್ಟಿದ ಮೇಲೆಯೇ ಅವು ಯಾಪ್ ಎಂಬ ಪ್ರೋಟೀನುಗಳನ್ನು ನೇರವಾಗಿ ಅದರೊಳಕ್ಕೆ ದಾಟಿಸುತ್ತವೆ. ದಾಟಿಸುವುದು ಬ್ಯಾಕ್ಟೀರಿಯಾದ ಮೈಮೇಲಿನ ಸೂಜಿಯಂಥ ಒಂದು ರಚನೆ; ಆ ಸೂಜಿಯ ಉದ್ದ ಸುಮಾರು 60 ನ್ಯಾನೊಮೀಟರ್. ಒಳಹೊಕ್ಕ ಯಾಪ್‌ಗಳು ರೋಗಾಣುವನ್ನು ನುಂಗಲು ಬಂದ ಬಿಳಿ ರಕ್ತಕಣವನ್ನೇ ನಿಷ್ಕ್ರಿಯಗೊಳಿಸುತ್ತವೆ.

ಹಾಫ್‌ಕಿನ್ನನ ಸಾರಿನಲ್ಲಿ ಮುಟ್ಟುವುದಕ್ಕೆ ಜೀವಕೋಶಗಳೇ ಇರಲಿಲ್ಲ. ಆದರೂ ಅವನು ಹಿಡಿದ ದಾರಿ ಸರಿಯಾಗಿತ್ತು. ಇತ್ತೀಚೆಗೆ ಪರೀಕ್ಷೆಗೊಳಗಾದ ಹಲವು ಪ್ಲೇಗ್ ಲಸಿಕೆಗಳಲ್ಲಿ ಮುಖ್ಯವಾಗಿರುವುದು ಎರಡು ಪ್ರೋಟೀನುಗಳು: ಬ್ಯಾಕ್ಟೀರಿಯಾ ಬೇರೊಂದು ದಾರಿಯಿಂದ ಹೊರಗೆ ಕಳಿಸಿ ಮೈತುಂಬ ಹೊದ್ದುಕೊಳ್ಳುವ ಎಫ್1, ಮತ್ತು ಆ ಸೂಜಿಯ ತುದಿಯಲ್ಲಿ ಕೂರುವ ವಿ.