ಪಟ್ಟಿಯ ಮಾತು, ಹಲ್ಲಿನ ಲೆಕ್ಕ

ಹಳೇ ಕಾರು ನೋಡೋಕೆ ಹೋದವರು ಮೊದಲು ಬಾನೆಟ್ ಎತ್ತುತ್ತಾರೆ. ನಾವಿವತ್ತು ಹಿಂದಕ್ಕೆ ಹೋಗಿ, ಕೆಳಗೆ ಬಗ್ಗಿ ನೋಡೋಣ.

ಅಮೆರಿಕದ ಫೋರ್ಡ್ ಕಂಪನಿ 1957ರ ಮಾಡೆಲ್‌ಗಳಲ್ಲಿ 'ನೈನ್ ಇಂಚ್' ಅನ್ನೋ ಹಿಂದಿನ ಆಕ್ಸಲ್ ತಂದಿತು. ಒಳಗಿರುವ ದೊಡ್ಡ ಗೇರ್, ಅಂದ್ರೆ ನಮ್ಮ ಗ್ಯಾರೇಜ್‌ಗಳ ಭಾಷೆಯಲ್ಲಿ ಕ್ರೌನ್, ಸುಮಾರು 9 ಇಂಚು ಅಗಲ. ಅದಕ್ಕೇ ಆ ಹೆಸರು. ಒಂದು ಬೋಲ್ಟಿಗೆ ಸಿಕ್ಕಿಸಿದ ಪುಟ್ಟ ಲೋಹದ ಪಟ್ಟಿಯೇ ಅದರ ಜಾತಕ. ಅದರಲ್ಲಿ 3 50 ಅಂತಿದ್ರೆ, ಚಕ್ರ ಒಂದು ಸುತ್ತು ಸುತ್ತೋಕೆ ಪ್ರೊಪೆಲ್ಲರ್ ಶಾಫ್ಟ್ ಮೂರೂವರೆ ಸುತ್ತು ತಿರುಗಬೇಕು. ನಡುವೆ 'ಎಲ್' ಅಕ್ಷರ ಸೇರಿ 3ಎಲ್50 ಅಂತಿದ್ರೆ, ಅದು ಲಿಮಿಟೆಡ್ ಸ್ಲಿಪ್: ಒಂದು ಚಕ್ರ ಜಾರಿದ್ರೂ ಇನ್ನೊಂದಕ್ಕೆ ಬಲ ಸಿಗುತ್ತೆ.

ತೊಂದರೆ ಏನಂದ್ರೆ, ರಿಪೇರಿಗೆ ಬೋಲ್ಟ್ ಬಿಚ್ಚಿದಾಗ ಪಟ್ಟಿ ಕಳೆದುಹೋಗೋದು ಮಾಮೂಲು. ಈಗ ಅಂಥದ್ದೇ ಹೊಸ ಪಟ್ಟಿ ಮಾಡಿ ಮಾರೋರೂ ಇದ್ದಾರೆ. ಇನ್ನು ಹಳೇ ಪಟ್ಟಿಯೇ ಇದ್ರೂ, ಒಳಗಿನ ಗೇರ್ ಯಾವಾಗಲೋ ಬದಲಾಗಿರಬಹುದು. 'ಒರಿಜಿನಲ್' ಅನ್ನೋ ಒಂದೇ ಪದಕ್ಕೆ ಹೆಚ್ಚು ದುಡ್ಡು ಸುರಿಯೋರು ಮೋಸ ಹೋಗೋದು ಇಲ್ಲೇ.

ನಾನು ಬಿಕಾಂ ಓದಿದವನು. ಪುಸ್ತಕದಲ್ಲಿ ಸ್ಟಾಕ್ ಇದ್ರೆ ಸಾಲದು, ಗೋಡೌನ್‌ಗೆ ಹೋಗಿ ಎಣಿಸು ಅಂತ ನಮಗೆ ಕಲಿಸಿದ್ದು. ಇಲ್ಲೂ ಅಷ್ಟೇ. ಬಿಚ್ಚಿ ಹಲ್ಲು ಎಣಿಸಿ. ಕ್ರೌನ್‌ಗೆ 35, ಪಿನಿಯನ್‌ಗೆ 10 ಇದ್ರೆ, ಭಾಗಿಸಿದಾಗ 3.50. ಅದೇ 39 ಮತ್ತು 13 ಬಂದ್ರೆ 3.00, ಪಟ್ಟಿ ಏನೇ ಹೇಳಲಿ.

ಪಟ್ಟಿ ಹೇಳೋದು ಫ್ಯಾಕ್ಟರಿ ಬಿಟ್ಟ ದಿನದ ಮಾತು, ಹಲ್ಲು ಹೇಳೋದು ಇವತ್ತಿನ ನಿಜ. ಎರಡೂ ತಾಳೆಯಾಗಲಿ, ಆಮೇಲೆ ರೇಟು ಮಾತಾಡಿ.