ಜೋಳಿಗೆಗೆ ಬಿದ್ದ ಚಟಗಳು

ಜೋಳಿಗೆ ಎಂದರೆ ಜೋಳ, ರೊಟ್ಟಿ, ಚಿಲ್ಲರೆ ಕಾಸು ಎಂದು ನಮ್ಮ ಮಕ್ಕಳಿಗೆ ಗೊತ್ತು. ಇಳಕಲ್ಲಿನ ಚಿತ್ತರಗಿ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟು ಜನರ ಬಳಿ ಬೇಡಿದ್ದು ಮಾತ್ರ ಅವರ ಚಟಗಳನ್ನು. ಸೆರೆ, ಬೀಡಿ, ತಂಬಾಕು ಏನಿದ್ದರೂ ಸರಿ. ಅದಕ್ಕೆ ‘ಮಹಾಂತ ಜೋಳಿಗೆ’ ಎಂದೇ ಹೆಸರಾಯಿತು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1ನ್ನು ಕರ್ನಾಟಕದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸುತ್ತಾರೆ.

ಹತ್ತು ಜನರೆದುರು ಚಟ ಬಿಟ್ಟವನಿಗೆ ಊರೇ ಕಾವಲು. ಜೋಳಿಗೆಯ ಬಲ ಅದೇ ಎಂದು ನಮಗೆ ಅನಿಸುತ್ತದೆ.

ಆದರೆ ಮರುದಿನದ ಕೈನಡುಕಕ್ಕೆ ಏನು ಮಾಡುವುದು? ವರ್ಷಗಟ್ಟಲೆ ವಿಪರೀತ ಕುಡಿದವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವಕ್ಕೂ ಅಪಾಯವಾಗಬಹುದು. ಇದನ್ನರಿಯದೆ ನಾವೂ ಒಮ್ಮೆ ಒಬ್ಬ ಪಾಲಕರಿಗೆ, ಮನಸ್ಸು ಗಟ್ಟಿ ಮಾಡಿಕೊಳ್ಳಿರಿ ಎಂದಷ್ಟೇ ಹೇಳಿ ಕಳಿಸಿದ್ದೆವು. ಮಾಸ್ತರರ ಬುದ್ಧಿಮಾತು, ಇನ್ನೇನು!

ನಮ್ಮ ಮಹಾರಾಷ್ಟ್ರದಲ್ಲಿ ಇದನ್ನು ರೋಗವೆಂದೇ ಹಿಡಿದು ಹೊರಟವರು ಮನೋವೈದ್ಯೆ ಡಾ. ಅನಿತಾ ಅವಚಟ ಮತ್ತು ಅವರ ಪತಿ, ಲೇಖಕ ಡಾ. ಅನಿಲ ಅವಚಟ. ಬ್ರೌನ್ ಶುಗರ್ ಹುಡುಗರನ್ನು ನುಂಗುತ್ತಿದ್ದ ಕಾಲವದು. ಪು. ಲ. ದೇಶಪಾಂಡೆಯವರ ನೆರವಿನಿಂದ 1986ರಲ್ಲಿ ಪುಣೆಯಲ್ಲಿ ‘ಮುಕ್ತಾಂಗಣ’ ಶುರುವಾಯಿತು. ಅಲ್ಲಿ ಔಷಧದ ಜೊತೆಗೆ ಮಾತುಕತೆ, ದುಡಿಮೆ, ಮನೆಯವರಿಗೂ ತಿಳಿವಳಿಕೆ. ಬಿಟ್ಟವರು ಮತ್ತೆ ಕುಡಿಯುವುದೂ ಈ ರೋಗದಲ್ಲಿ ಸಾಮಾನ್ಯ.

ನಮ್ಮ ಆ ಪಾಲಕರೂ ಎರಡು ಸಲ ಬಿಟ್ಟು ಎರಡು ಸಲ ಹಿಡಿದರು. ಮೂರನೆಯ ಸಲ ಸೋಲಾಪುರದ ವೈದ್ಯರ ಬಳಿ ಹೋದಾಗ ಹೆಂಡತಿಯೂ ಜೊತೆಗಿದ್ದರು.